ಲೆನ್ಸ್ ಸುತ್ತ ಕಪ್ಪು ಯಾಕೆ?

ಎಲ್ಲರಿಗೂ ನಮಸ್ಕಾರ. ಬೆಳಗ್ಗೆಯಿಂದ ಮೆಗಾಪಿಕ್ಸೆಲ್, ನೈಟ್ ಮೋಡ್, ಪೋರ್ಟ್ರೇಟ್ ಎಲ್ಲಾ ಕೇಳಿದ್ದೀರಿ, ನಾನು ಅದಕ್ಕೆ ಕೈ ಹಾಕಲ್ಲ. ಫೋನ್ ಕ್ಯಾಮೆರಾದ ಲೆನ್ಸ್ ಸುತ್ತ ಇರೋ ಕಪ್ಪು ಪಟ್ಟಿ ಬಗ್ಗೆ ಮಾತ್ರ ಮಾತಾಡ್ತೀನಿ. ತುಂಬಾ ಜನ ಅದನ್ನ ಶೋಕಿಗೆ ಇಟ್ಟಿದ್ದಾರೆ ಅಂದ್ಕೊಂಡಿದ್ದಾರೆ. ಶೋಕಿಗಲ್ಲ ಸ್ವಾಮಿ, ಬೇಡದ ಬೆಳಕು ಒಳಗೆ ನುಗ್ಗಬಾರದು ಅಂತ.

ಈಗ್ಲೇ ನೋಡಿ. ಫೋನ್ ತಿರುಗಿಸಿ ಹಿಡ್ಕೊಳ್ಳಿ, ಪಕ್ಕದವರ ಟಾರ್ಚ್ ಓರೆಯಾಗಿ ಲೆನ್ಸ್ ಮೇಲೆ ಬಿಡಿಸಿ. ಕಾಣ್ತಾ? ಒಳಗಡೆ ಬಾವಿ ಮೆಟ್ಟಿಲಿನ ಥರ ಕೆಳಕೆಳಗೆ ಚಿಕ್ಕದಾಗ್ತಾ ಹೋಗೋ ಕಪ್ಪು ರಿಂಗುಗಳು, ಒಂದಕ್ಕೂ ಹೊಳಪಿಲ್ಲ. ಹಿಂದೆ ಕೂತವರು ಆಮೇಲೆ ಬನ್ನಿ, ನನ್ನ ಫೋನಲ್ಲಿ ತೋರಿಸ್ತೀನಿ.

ಕೋಟಿಂಗ್, ಅಂದ್ರೆ ಬೆಳಕು ವಾಪಸ್ ಚಿಮ್ಮೋದನ್ನ ತಡೆಯೋ ತೆಳು ಲೇಪ, ಇಲ್ಲದ ಗಾಜಿನ ಒಂದೊಂದು ಮೈಯಿಂದ್ಲೂ ಸುಮಾರು 4% ಬೆಳಕು ವಾಪಸ್ ಚಿಮ್ಮುತ್ತೆ. ಫೋನ್ ಲೆನ್ಸಲ್ಲಿ ಆರೇಳು ಬಿಲ್ಲೆ ಅಂದ್ರೆ ಹನ್ನೆರಡು ಹದಿನಾಲ್ಕು ಮೈ, ಕೋಟಿಂಗ್ ಹಾಕಿ ಅದನ್ನ ತುಂಬಾ ಕಮ್ಮಿ ಮಾಡ್ತಾರೆ, ಆದ್ರೂ ಅಲ್ಪಸ್ವಲ್ಪ ಉಳಿಯುತ್ತೆ, ಅದು ಲೆನ್ಸ್ ಕೊಳವೆಯ ಒಳಗೋಡೆಗೆ ಬಡಿದಾಗ ಗೋಡೆ ಬಿಳಿ ಇದ್ರೆ ಸೀದಾ ಸೆನ್ಸರ್, ಅಂದ್ರೆ ಫೋಟೋ ಹಿಡಿಯೋ ಚಿಪ್ ಮೇಲೆ ಬೀಳುತ್ತೆ, ಫೋಟೋದಲ್ಲಿ ಕಪ್ಪು ಇರಬೇಕಾದ ಜಾಗ ಎಲ್ಲಾ ಬೂದಿ ಬಣ್ಣ.

ಇದಕ್ಕೆ ನಾನು ಯಾವಾಗ್ಲೂ ಹೇಳೋದು ಬಿಳಿ ಐಫೋನ್ 4 ಕತೆ. 2010 ಜೂನ್‌ನಲ್ಲಿ ಆ್ಯಪಲ್‌ನವರು ಕಪ್ಪು, ಬಿಳಿ ಎರಡೂ ತೋರಿಸಿದ್ರು. ಕಪ್ಪು ಅದೇ ತಿಂಗಳು ಅಂಗಡಿಗೆ ಬಂತು. ಬಿಳಿ ಜುಲೈಗೆ ಅಂದ್ರು, ಆಮೇಲೆ ವರ್ಷದ ಕೊನೆಗೆ ಅಂದ್ರು, ಅಕ್ಟೋಬರ್‌ನಲ್ಲಿ ಇಲ್ಲ ಮುಂದಿನ ವರ್ಷ ಅಂದ್ರು, ಕೊನೆಗೆ ಬಂದಿದ್ದು 2011 ಏಪ್ರಿಲ್ 28ಕ್ಕೆ! ಅಂದ್ಕೊಂಡಿದ್ದಕ್ಕಿಂತ ಮಾಡೋದು ಕಷ್ಟ ಆಗ್ತಿದೆ ಅಂತಷ್ಟೇ ಕಂಪನಿ ಹೇಳ್ತು. ಪೇಪರ್‌ಗಳಲ್ಲಿ ಆಗ ಬಂದ ಸುದ್ದಿ ಏನಪ್ಪಾ ಅಂದ್ರೆ, ಫ್ಲಾಶ್ ಹೊಡೆದ್ರೆ ಬಿಳಿ ಮೈಯೊಳಗಿಂದ ಬೆಳಕು ಸೋರಿ ಕ್ಯಾಮೆರಾಗೆ ಹೋಗ್ತಿತ್ತು ಅಂತ. ಫ್ಲಾಶ್ ಇದ್ದ ಮೊದಲ ಐಫೋನ್ ಅದು, ಹಿಂದೆನೂ ಗಾಜು, ಮುಂದೆನೂ ಗಾಜು. ಅಷ್ಟು ದೊಡ್ಡ ಕಂಪನಿಗೇ ಬಿಳಿ ಬಣ್ಣ ಹತ್ತು ತಿಂಗಳು ನೀರು ಕುಡಿಸ್ತು. ಅದಕ್ಕೇ ಹೇಳ್ತಿರೋದು, ಬೇಡದ ಬೆಳಕು ಒಳಗೆ ನುಗ್ಗಬಾರದು.

ಚೀಟಿ ಬಂತು, ಐದೇ ನಿಮಿಷ ಅಂತೆ. ಟೆಲಿಸ್ಕೋಪ್ ಕೊಳವೆ ಒಳಗೂ ಇದೇ ಮಂಕು ಕಪ್ಪು, ಹಳೇ ಸ್ಟುಡಿಯೋ ಕ್ಯಾಮೆರಾದ ಮಡಿಕೆ ಚೀಲನೂ ಕಪ್ಪು, ಬಿಡಿಸಿ ಹೇಳೋಕೆ ಟೈಮಿಲ್ಲ.

ಆದ್ರೆ ಬ್ಯಾಕ್ ಕವರ್ ವಿಷಯ ಹೇಳದೇ ಇಳಿಯಲ್ಲ. ಕಂಪನಿಯವರು ಇಷ್ಟು ಕಷ್ಟಪಟ್ಟು ಕಪ್ಪು ಮಾಡಿರ್ತಾರೆ, ನಾವು ಅದರ ಮೇಲೆ ಮಿಣಮಿಣ ಹರಳಿನ ರಿಂಗ್ ಅಂಟಿಸ್ತೀವಿ, ಫ್ಲಾಶಿಗೂ ಲೆನ್ಸಿಗೂ ಒಂದೇ ತೂತು ಇರೋ ಬಿಳಿ ಕವರ್ ಹಾಕ್ತೀವಿ, ಆಮೇಲೆ ರಾತ್ರಿ ಫೋಟೋ ಮಂಜುಮಂಜು ಅಂತ ಫೋನಿಗೆ ಬೈತೀವಿ. ಇವತ್ತು ಮನೆಗೆ ಹೋಗಿ ಕತ್ತಲೆ ರೂಮಲ್ಲಿ ಕವರ್ ಹಾಕಿ ಒಂದು, ತೆಗೆದು ಒಂದು ಫ್ಲಾಶ್ ಫೋಟೋ ಹೊಡೀರಿ, ಪಕ್ಕಪಕ್ಕ ಇಟ್ಟು ನೋಡಿ. ಅದಕ್ಕೂ ಮೊದಲು ಗ್ಲಾಸ್ ಒರೆಸಿ, ಬೆರಳಿನ ಜಿಡ್ಡಿದ್ರೆ ಟೆಸ್ಟ್ ಕೆಟ್ಟೋಗುತ್ತೆ.