ದಡಾರ ಮತ್ತು ದೇಹದ ನೆನಪು

ಸಭಿಕರೇ,

ಸೋಂಕು ಹರಡುವ ಬಗೆ, ದೇಹ ಅದನ್ನು ತಡೆಯುವ ಬಗೆ ಎರಡನ್ನೂ ಒಂದೇ ರೋಗದಲ್ಲಿ ಸ್ಪಷ್ಟವಾಗಿ ಕಾಣಬೇಕೆಂದರೆ ದಡಾರವನ್ನು ನೋಡಬೇಕು. ಮಕ್ಕಳಿಗೆ ಒಮ್ಮೆ ಬಂದು ಹೋಗುವ ಸಣ್ಣ ಕಾಯಿಲೆ ಎಂದು ಅದನ್ನು ಹಗುರವಾಗಿ ಕಾಣುವವರು ಇಂದಿಗೂ ಇರುವುದರಿಂದ ಈ ಆಯ್ಕೆ ಅಗತ್ಯವೆಂದೂ ನನಗೆ ಅನ್ನಿಸಿದೆ.

1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫೇರೋ ದ್ವೀಪಗಳಿಗೆ ಕೋಪನ್‌ಹೇಗನ್‌ನಿಂದ ಬಂದ ಒಬ್ಬ ಬಡಗಿಯೊಂದಿಗೆ ದಡಾರವೂ ಬಂದಿಳಿಯಿತು. ಸುಮಾರು 7,800 ಜನರಿದ್ದ ಆ ದ್ವೀಪಗಳಲ್ಲಿ ಕೆಲವೇ ತಿಂಗಳುಗಳೊಳಗೆ ಸುಮಾರು 6,000 ಮಂದಿ ಹಾಸಿಗೆ ಹಿಡಿದರು. ಡೆನ್ಮಾರ್ಕ್ ಸರ್ಕಾರ ಕಳುಹಿಸಿದ ಯುವ ವೈದ್ಯ ಪೀಟರ್ ಲುಡ್ವಿಗ್ ಪಾನುಮ್, ಯಾರು ಯಾರನ್ನು ಯಾವ ದಿನ ಭೇಟಿಯಾಗಿದ್ದರು, ಮೈಮೇಲೆ ದದ್ದು ಯಾವ ದಿನ ಎದ್ದಿತು ಎಂಬುದನ್ನು ಹಳ್ಳಿಯಿಂದ ಹಳ್ಳಿಗೆ ಹೋಗಿ ದಾಖಲಿಸಿ, ಈ ಎರಡರ ನಡುವೆ ಸಾಮಾನ್ಯವಾಗಿ 13ರಿಂದ 14 ದಿನಗಳ ಅಂತರವಿದೆ ಎಂದು ತೋರಿಸಿದರು. ಅವರ ಇನ್ನೊಂದು ಗಮನಿಕೆ ಇನ್ನೂ ದೊಡ್ಡದು. ಆ ದ್ವೀಪಗಳಲ್ಲಿ ಹಿಂದೆ ದಡಾರ ಕಾಣಿಸಿಕೊಂಡದ್ದು 1781ರಲ್ಲಿ. ಆಗ ರೋಗ ಅನುಭವಿಸಿ ಬದುಕುಳಿದಿದ್ದ ವೃದ್ಧರಲ್ಲಿ ಅವರಿಗೆ ತಿಳಿದಂತೆ ಒಬ್ಬರಿಗೂ ಅದು ಮತ್ತೆ ತಗುಲಲಿಲ್ಲ, ಆದರೆ ಆಗ ತಪ್ಪಿಸಿಕೊಂಡಿದ್ದ ವೃದ್ಧರನ್ನು ಅದು ಬಿಡಲಿಲ್ಲ. 65 ವರ್ಷ ಕಳೆದರೂ, ನಡುವೆ ಒಮ್ಮೆಯೂ ಆ ರೋಗವನ್ನು ಎದುರಿಸದಿದ್ದರೂ, ದೇಹ ಅದನ್ನು ಮರೆತಿರಲಿಲ್ಲ. ವೈರಸ್ ಎಂಬುದೇ ತಿಳಿಯದಿದ್ದ ಕಾಲದಲ್ಲಿ ಇಷ್ಟನ್ನು ಕೇವಲ ವಿಚಾರಣೆಯಿಂದ ಕಂಡುಕೊಂಡದ್ದು ನನ್ನ ದೃಷ್ಟಿಯಲ್ಲಿ ವೈದ್ಯಶಾಸ್ತ್ರದ ಅತ್ಯುತ್ತಮ ಕೆಲಸಗಳಲ್ಲೊಂದು.

ಇಷ್ಟು ವೇಗವಾಗಿ ಹರಡಲು ಕಾರಣಗಳಿವೆ. ರೋಗಿ ಕೆಮ್ಮಿದಾಗ ಹೊರಬರುವ ವೈರಸ್, ಅವನು ಕೋಣೆಯಿಂದ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಅಲ್ಲಿನ ಗಾಳಿಯಲ್ಲಿ ಉಳಿಯಬಲ್ಲದು. ದದ್ದು ಕಾಣಿಸುವುದಕ್ಕೆ ನಾಲ್ಕು ದಿನ ಮೊದಲೇ, ಅಂದರೆ ಬರೀ ಜ್ವರ, ನೆಗಡಿ, ಕೆಮ್ಮು ಎಂದು ತೋರುವ ಹೊತ್ತಿನಲ್ಲೇ, ರೋಗಿ ಇತರರಿಗೆ ಸೋಂಕು ಅಂಟಿಸತೊಡಗಿರುತ್ತಾನೆ. ಹೀಗಾಗಿ ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಸಮುದಾಯದಲ್ಲಿ ಒಬ್ಬನಿಂದ ಸರಾಸರಿ 12ರಿಂದ 18 ಮಂದಿಗೆ ಅದು ಹರಡುತ್ತದೆಂದು ಅಂದಾಜಿಸಲಾಗಿದೆ.

ದೇಹದೊಳಗೆ ಬಂದ ವೈರಸ್ಸನ್ನು ಮೊದಲು ಎದುರಿಸುವುದು, ಯಾವ ರೋಗಾಣುವೆಂದು ಭೇದವೆಣಿಸದೆ ಕೆಲಸ ಮಾಡುವ ಸಹಜ ರಕ್ಷಣಾ ವ್ಯವಸ್ಥೆ. ಅದರ ಹಿಂದೆಯೇ, ಆ ಒಂದು ವೈರಸ್ಸನ್ನೇ ಗುರುತಿಸಬಲ್ಲ ಬಿ ಮತ್ತು ಟಿ ಎಂಬ ಬಿಳಿ ರಕ್ತಕಣಗಳು ದುಗ್ಧ ಗ್ರಂಥಿಗಳಲ್ಲಿ ಹೆಚ್ಚತೊಡಗುತ್ತವೆ. ಬಿ ಕೋಶಗಳಿಂದ ಹುಟ್ಟಿದವು ಪ್ರತಿಕಾಯಗಳನ್ನು, ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನುಗಳನ್ನು, ತಯಾರಿಸಿದರೆ, ಟಿ ಕೋಶಗಳಲ್ಲಿ ಕೆಲವು ಸೋಂಕು ತಗುಲಿದ ಜೀವಕೋಶಗಳನ್ನು ಕೊಲ್ಲುತ್ತವೆ. ಈ ಸಿದ್ಧತೆಗೆ ದಿನಗಳು ಬೇಕಾಗುತ್ತವೆ. ರೋಗ ಇಳಿದ ಮೇಲೆ ಇವುಗಳಲ್ಲಿ ಹೆಚ್ಚಿನವು ಸತ್ತರೂ ಒಂದು ಪಾಲು ನೆನಪಿನ ಕೋಶಗಳಾಗಿ ಉಳಿಯುತ್ತದೆ, ಮತ್ತು ಅಸ್ಥಿಮಜ್ಜೆಯಲ್ಲಿ ನೆಲೆಸಿದ ಕೆಲವು ಕೋಶಗಳು ದಶಕಗಳ ಕಾಲ ಪ್ರತಿಕಾಯಗಳನ್ನು ಸ್ರವಿಸುತ್ತಲೇ ಇರುತ್ತವೆ. ಫೇರೋದ ವೃದ್ಧರನ್ನು ಕಾಪಾಡಿದ್ದು ಈ ವ್ಯವಸ್ಥೆಯೇ.

ಆದರೆ ದಡಾರದ ವೈರಸ್ ದಾಳಿ ಮಾಡುವುದೂ ಈ ನೆನಪಿನ ಕೋಶಗಳ ಮೇಲೆಯೇ. ಅವುಗಳ ಮೇಲ್ಮೈಯಲ್ಲಿರುವ ಒಂದು ಪ್ರೋಟೀನನ್ನು ಹಿಡಿದು ಅದು ಒಳನುಗ್ಗುತ್ತದೆ. ಲಸಿಕೆ ಪಡೆಯದ ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲು ಮತ್ತು ನಂತರ ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇತರ ರೋಗಾಣುಗಳ ವಿರುದ್ಧ ಅವರಲ್ಲಿದ್ದ ಪ್ರತಿಕಾಯಗಳ ಬಗೆಗಳಲ್ಲಿ ಶೇ. 11ರಿಂದ 73ರಷ್ಟು ನಷ್ಟವಾಗಿದ್ದನ್ನು ಕಂಡಿತು. ದೇಹ ದಡಾರವನ್ನು ಜೀವನಪರ್ಯಂತ ನೆನಪಿಡುತ್ತದೆ, ಆದರೆ ಅದಕ್ಕಾಗಿ ಬೇರೆ ರೋಗಗಳೊಂದಿಗೆ ಹೋರಾಡಿ ಗಳಿಸಿದ್ದ ನೆನಪನ್ನು ಕಳೆದುಕೊಳ್ಳಬೇಕಾಗುತ್ತದೆ. ದಡಾರದಿಂದ ಚೇತರಿಸಿಕೊಂಡ ಮಗು ನ್ಯುಮೋನಿಯಾ, ಭೇದಿಗಳಿಗೆ ಸುಲಭವಾಗಿ ತುತ್ತಾಗುವುದಕ್ಕೆ ಇದೊಂದು ಮುಖ್ಯ ಕಾರಣ. ರೋಗ ಬಂದು ಹೋಗಲಿ, ಶಕ್ತಿ ತಾನಾಗಿ ಬರುತ್ತದೆ ಎಂಬ ವಾದವನ್ನು ನಾನು ಒಪ್ಪದಿರುವುದೂ ಇದಕ್ಕಾಗಿಯೇ.

ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ವೈರಸ್. ಅದು ಈ ಹಾನಿಯನ್ನು ಮಾಡದೆ ನೆನಪನ್ನು ಮಾತ್ರ ಉಳಿಸಿಹೋಗುತ್ತದೆ. ಎರಡು ಡೋಸ್ ಪಡೆದವರಲ್ಲಿ ಸುಮಾರು ಶೇ. 97ರಷ್ಟು ಜನರಿಗೆ ರಕ್ಷಣೆ ದೊರೆಯುತ್ತದೆ. ಒಬ್ಬನಿಂದ 15 ಮಂದಿಗೆ ಹರಡಬಲ್ಲ ರೋಗದ ಸರಪಳಿ ಕಡಿಯಬೇಕಾದರೆ ಆ 15ರಲ್ಲಿ 14 ಮಂದಿಗೆ, ಅಂದರೆ ಶೇ. 93ಕ್ಕೂ ಹೆಚ್ಚು ಜನರಿಗೆ, ರಕ್ಷಣೆ ಇರಬೇಕು. ಶೇ. 95ರಷ್ಟು ಮಂದಿಗೆ ಲಸಿಕೆ ತಲುಪಬೇಕೆಂಬ ಗುರಿ ಹುಟ್ಟಿದ್ದು ಈ ಲೆಕ್ಕದಿಂದ. ತಾಯಿಯಿಂದ ಬಂದ ಪ್ರತಿಕಾಯಗಳು ಕರಗುತ್ತಿದ್ದು ಲಸಿಕೆಯ ವಯಸ್ಸು ಇನ್ನೂ ಬಾರದ ಹಸುಗೂಸುಗಳಿಗೂ, ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದು ಜೀವಂತ ಲಸಿಕೆ ತೆಗೆದುಕೊಳ್ಳಲಾಗದ ಮಕ್ಕಳಿಗೂ ಸುತ್ತಲಿನವರ ಈ ರಕ್ಷಣೆಯೇ ಆಸರೆ.