ಹಳೇ ಲ್ಯಾಪ್‌ಟಾಪ್‌ಗೆ ಡ್ರೈವರ್ ಬೇಕೇ? ಮೊದಲು ನಂಬರ್ ಓದಿ

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನವರು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿದರು. ಅಲ್ಲಿಂದ ಈಚೆಗೆ ನನ್ನ ಹತ್ತಿರ ಬರುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಸಾರ್, ನಮ್ಮ ಲ್ಯಾಪ್‌ಟಾಪ್‌ಗೆ ಹನ್ನೊಂದು ಹಾಕೋಕೆ ಆಗಲ್ವಂತೆ. ಗುಜರಿಗೆ ಕೊಟ್ಟುಬಿಡೋದಾ?" ಬೇಡ. ದಯವಿಟ್ಟು ಬೇಡ. ಸ್ಕ್ರೀನ್ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ. ಹಳೇ ಹಾರ್ಡ್ ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿಸಿದರೆ ಲಕಲಕ ಅಂತ ಓಡುತ್ತದೆ. ಮಕ್ಕಳ ಪಾಠಕ್ಕೆ, ಅಂಗಡಿ ಲೆಕ್ಕಕ್ಕೆ, ನುಡಿ ತಂತ್ರಾಂಶದಲ್ಲಿ ನಾಲ್ಕು ಅರ್ಜಿ ಟೈಪ್ ಮಾಡುವುದಕ್ಕೆ ಇನ್ನೇನು ಬೇಕು?

ಮೂಲೆ ಸೇರಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಕೆಟ್ಟಿರುವುದೇ ಇಲ್ಲ. ಅವಕ್ಕೆ ಸರಿಯಾದ ಡ್ರೈವರ್ ಸಿಕ್ಕಿರುವುದಿಲ್ಲ, ಅಷ್ಟೇ. ಯಾರೋ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕುತ್ತಾರೆ. ಮಾರನೇ ದಿನ ವೈಫೈ ಕಾಣುವುದಿಲ್ಲ, ಸೌಂಡ್ ಬರುವುದಿಲ್ಲ. ಕೂಡಲೇ "ಬೋರ್ಡ್ ಹೋಗಿದೆ" ಅಂತ ತೀರ್ಮಾನ ಆಗಿಬಿಡುತ್ತದೆ. ಬೋರ್ಡ್ ಎಲ್ಲೂ ಹೋಗಿಲ್ಲ ಸ್ವಾಮಿ!

ಡ್ರೈವರ್ ಅಂದರೆ ವಿಂಡೋಸ್‌ಗೂ ಆ ವೈಫೈ ಚಿಪ್ಪಿಗೂ ನಡುವೆ ನಿಂತು ಮಾತು ದಾಟಿಸುವ ದುಭಾಷಿ. ಫರ್ಮ್‌ವೇರ್ ಅಂದರೆ ಚಿಪ್ಪಿನ ಒಳಗೇ ಓಡುವ ಚಿಕ್ಕ ಪ್ರೋಗ್ರಾಂ. ಲ್ಯಾಪ್‌ಟಾಪ್ ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಓಡುವ ಬಯಾಸ್ ಕೂಡ ಒಂದು ಫರ್ಮ್‌ವೇರೇ. ಇಷ್ಟು ಗೊತ್ತಿದ್ದರೆ ಸಾಕು. ಇವತ್ತು ನಾನು ಹೇಳಬೇಕಾಗಿರುವುದು ಒಂದೇ ಮಾತು: ಹೆಸರು ಹಾಕಿ ಹುಡುಕಬೇಡಿ, ನಂಬರ್ ಹಾಕಿ ಹುಡುಕಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮೂರ ಬಸ್ ಸ್ಟ್ಯಾಂಡ್ ಎದುರು ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟಿರುವ ಒಬ್ಬ ಅಕ್ಕ ಇದ್ದಾರೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಬ್ಯಾಂಕಿನ ಅರ್ಜಿ, ಎಲ್ಲಾ ಅವರದೇ ಕೆಲಸ. ಅವರದು 2013ರ ಲ್ಯಾಪ್‌ಟಾಪ್. ವೈಶಾಖದ ಮದುವೆ ಸೀಸನ್ ಶುರುವಾಗುವ ಹೊತ್ತಿಗೆ ಅಕ್ಕನ ಮಗ ವಿಂಡೋಸ್ ಬದಲಾಯಿಸಿದ. ವೈಫೈ ಹೋಯಿತು. ಹುಡುಗ ಮೊಬೈಲಿನಲ್ಲಿ "ವೈಫೈ ಡ್ರೈವರ್ ಡೌನ್‌ಲೋಡ್" ಅಂತ ಟೈಪ್ ಮಾಡಿದ. ಮೊದಲಿಗೇ ಒಂದು ದೊಡ್ಡ ಹಸಿರು ಬಟನ್ ಬಂತು. ಒತ್ತಿದ. ಬಂದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದ. ಅದು ಡ್ರೈವರ್ ಅಲ್ಲವೇ ಅಲ್ಲ! "ನಿಮ್ಮ ಕಂಪ್ಯೂಟರಿನಲ್ಲಿ ಇಷ್ಟು ತೊಂದರೆ ಇದೆ, ದುಡ್ಡು ಕಟ್ಟಿ" ಅಂತ ಐದೈದು ನಿಮಿಷಕ್ಕೆ ಕಿರುಚುವ ಒಂದು ಪ್ರೋಗ್ರಾಂ. ಆಮೇಲೆ ಒಂದು ಅಂಗಡಿಗೆ ಒಯ್ದರು. ಅಲ್ಲಿ, ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ ಅಂದರಂತೆ.

ಅಕ್ಕ ನನ್ನ ಹತ್ತಿರ ಬಂದಾಗ ನಾನು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿವೈಸ್ ಮ್ಯಾನೇಜರ್ ತೆಗೆದೆ. ಲ್ಯಾಪ್‌ಟಾಪಿನ ಭಾಗಗಳ ಪಟ್ಟಿ ಅಲ್ಲಿ ಕಾಣುತ್ತದೆ. ತೊಂದರೆ ಇದೆ ಅನ್ನುವ ಹಳದಿ ಗುರುತು ಎರಡು ಕಡೆ ಇತ್ತು. ಮೊದಲನೆಯದರ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್. ಅಲ್ಲಿರುವ ಪಟ್ಟಿಯಲ್ಲಿ ಹಾರ್ಡ್‌ವೇರ್ ಐಡಿಸ್ ಅಂತ ಆರಿಸಿದರೆ ಒಂದು ಉದ್ದನೆಯ ಸಾಲು ಬರುತ್ತದೆ. ನೋಡಿದರೆ ತಲೆ ತಿರುಗುತ್ತದೆ, ಆದರೆ ಅದರಲ್ಲಿ ಬೇಕಾಗಿರುವುದು ಎರಡೇ. ವೆನ್ ಅಂತ ಬರೆದಿರುವುದರ ಮುಂದಿನ ನಾಲ್ಕು ಅಕ್ಷರ, ಡೆವ್ ಅಂತ ಬರೆದಿರುವುದರ ಮುಂದಿನ ನಾಲ್ಕು ಅಕ್ಷರ. ಮೊದಲನೆಯದು ಚಿಪ್ ಮಾಡಿದ ಕಂಪನಿಯ ನಂಬರ್, ಎರಡನೆಯದು ಆ ಚಿಪ್ಪಿನ ನಂಬರ್. "ಬರ್ಕೊಳ್ಳಿ ಅಕ್ಕಾ" ಅಂದೆ. ಅವರು ಬ್ಯಾಗಿನಿಂದ ಒಂದು ಮದುವೆ ಕಾರ್ಡಿನ ಸ್ಯಾಂಪಲ್ ತೆಗೆದು ಅದರ ಹಿಂದೆ ಬರೆದುಕೊಂಡರು. ವೆನ್ 1814, ಡೆವ್ 3290. ಎರಡನೇ ಹಳದಿ ಗುರುತು ನೋಡಿದರೆ ಅದೇ 1814, ಡೆವ್ ಮಾತ್ರ 3298. ಅದು ಬ್ಲೂಟೂತ್. ಒಂದೇ ಕಾರ್ಡಿನಲ್ಲಿ ಎರಡೂ ಇವೆ.

1814 ಅಂದರೆ ತೈವಾನಿನ ರಾಲಿಂಕ್. ಆ ಕಂಪನಿಯನ್ನು 2011ರಲ್ಲೇ ಮೀಡಿಯಾಟೆಕ್‌ನವರು ಕೊಂಡುಕೊಂಡರು. ಈಗ ಆ ಹೆಸರಿನ ಕಂಪನಿಯೇ ಇಲ್ಲ. ಆದರೆ ಚಿಪ್ಪಿನೊಳಗೆ ಬರೆದ ನಂಬರ್ ಹಾಗೇ ಇದೆ. ಕಂಪನಿ ಮಾರಿಹೋದರೂ, ಲ್ಯಾಪ್‌ಟಾಪಿನ ಸ್ಟಿಕರ್ ಉದುರಿಹೋದರೂ ಆ ನಂಬರ್ ಬದಲಾಗುವುದಿಲ್ಲ. ಇದೇ ನನಗೆ ಈ ಕೆಲಸದಲ್ಲಿ ಬಹಳ ಖುಷಿ ಕೊಡುವ ವಿಷಯ. 8086 ಅಂತ ಕಂಡರೆ ಇಂಟೆಲ್. 1978ರಲ್ಲಿ ಬಂದ ಅವರ ಪ್ರಸಿದ್ಧ ಪ್ರೊಸೆಸರಿನ ನಂಬರನ್ನೇ ಅಲ್ಲಿ ಇಟ್ಟುಕೊಂಡಿದ್ದಾರೆ, ಚೆಂದ ಅಲ್ವಾ? 10ಇಸಿ ಅಂದರೆ ರಿಯಲ್‌ಟೆಕ್. 14ಇ4 ಅಂದರೆ ಬ್ರಾಡ್‌ಕಾಮ್.

ಸರಿ, ನಂಬರ್ ಸಿಕ್ಕಿತು. ಆದರೆ ವೈಫೈ ಇಲ್ಲದೆ ಡೌನ್‌ಲೋಡ್ ಹೇಗೆ? ಮೊಬೈಲನ್ನು ಚಾರ್ಜಿಂಗ್ ಕೇಬಲ್‌ನಲ್ಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಇಂಟರ್ನೆಟ್ ಬಂತು. ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಅಂತ ಅವರದೇ ಒಂದು ತಾಣ ಇದೆ, ಪುಕ್ಕಟೆ. ಅಲ್ಲಿ ಆ ಸಾಲನ್ನು ಡೆವ್ ನಂಬರಿನವರೆಗೆ ಮಾತ್ರ ಹಾಕಿ ಹುಡುಕಿದೆವು. ಡ್ರೈವರ್ ಬಂತು. ಅದು ಕ್ಯಾಬ್ ಫೈಲು, ಜಿಪ್ ಇದ್ದ ಹಾಗೆ. ಬಿಚ್ಚಿ ಒಂದು ಫೋಲ್ಡರಿಗೆ ಹಾಕಿ, ಡಿವೈಸ್ ಮ್ಯಾನೇಜರಿನಲ್ಲಿ ಅಪ್‌ಡೇಟ್ ಡ್ರೈವರ್ ಒತ್ತಿ ಆ ಫೋಲ್ಡರ್ ತೋರಿಸಿದೆ. ಹಳದಿ ಗುರುತು ಹೋಯಿತು, ಅಕ್ಕಪಕ್ಕದ ಅಂಗಡಿಗಳ ವೈಫೈ ಹೆಸರೆಲ್ಲ ಸಾಲಾಗಿ ಬಂದವು. ಅಕ್ಕ ಕೇಳಿದರು, "ಇಷ್ಟೇನಾ ಸಾರ್?" ಇಷ್ಟೇ!

ಈ ಕಥೆಯೇ ಉದ್ದ ಆಯಿತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲೂ ಡ್ರೈವರ್ ಸಿಗುತ್ತದೆ. ಅಲ್ಲೂ ಬೇಕಾಗುವುದು ನಂಬರೇ. "ಯಾವ ಲ್ಯಾಪ್‌ಟಾಪ್?" ಅಂತ ಕೇಳಿದರೆ ಬರೀ ಕಂಪನಿ ಹೆಸರು ಹೇಳುತ್ತಾರೆ. ಅದು ಸಾಲದು. ತಿರುಗಿಸಿ ಕೆಳಭಾಗ ನೋಡಿ. ಡೆಲ್ ಆದರೆ ಏಳು ಅಕ್ಷರದ ಸರ್ವಿಸ್ ಟ್ಯಾಗ್ ಇರುತ್ತದೆ, ಬೇರೆಯವರದಾದರೆ ಸೀರಿಯಲ್ ನಂಬರ್. ಸ್ಟಿಕರ್ ಅಳಿಸಿಹೋಗಿದೆಯಾ? ಲ್ಯಾಪ್‌ಟಾಪ್ ಆನ್ ಆಗುವಾಗ ಬಯಾಸ್ ಒಳಗೆ ಹೋಗಿ ನೋಡಿ, ಅಲ್ಲೂ ಬರೆದಿರುತ್ತದೆ.

ಕಂಪನಿಗಳು ಹಳೇ ಫೈಲುಗಳನ್ನು ಕೊನೆಯವರೆಗೂ ಇಟ್ಟುಕೊಂಡಿರುತ್ತವೆ ಅಂತ ನಂಬಿ ಕೂರಬೇಡಿ. 2019ರ ನವೆಂಬರಿನಲ್ಲಿ ಇಂಟೆಲ್ ತನ್ನ ಹಳೇ ಡ್ರೈವರ್, ಬಯಾಸ್ ಫೈಲುಗಳನ್ನು ತಾಣದಿಂದ ತೆಗೆಯಿತು. ಇಂಥವನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಕೆಲವರು ಪುಣ್ಯಾತ್ಮರು ಉಳಿಸಿ ಇಟ್ಟಿದ್ದಾರೆ, ಹಳೇ ಡ್ರೈವರ್ ಸಿಡಿಗಳೂ ಅಲ್ಲಿವೆ. ಆದರೆ ನಿಮ್ಮ ಲ್ಯಾಪ್‌ಟಾಪ್ ಇವತ್ತು ಸರಿಯಾಗಿ ಓಡುತ್ತಿದ್ದರೆ ಡ್ರೈವರ್‌ಗಳನ್ನು ಇವತ್ತೇ ಕಾಪಿ ಮಾಡಿಡಿ. ಪೆನ್‌ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಪಿಎನ್‌ಪಿಯುಟಿಲ್, ಸ್ಪೇಸ್, ಸ್ಲ್ಯಾಶ್ ಎಕ್ಸ್‌ಪೋರ್ಟ್ ಹೈಫನ್ ಡ್ರೈವರ್, ಸ್ಪೇಸ್, ನಕ್ಷತ್ರದ ಗುರುತು, ಸ್ಪೇಸ್, ಆಮೇಲೆ ಆ ಫೋಲ್ಡರಿನ ಹೆಸರು. ಎಂಟರ್ ಒತ್ತಿ. ಆಮೇಲೆ ಯಾರು ಬೇಕಾದರೂ ಫಾರ್ಮ್ಯಾಟ್ ಮಾಡಲಿ, ನಿಮಗೇನೂ ಭಯವಿಲ್ಲ.

ವಿಂಡೋಸ್ ಬದಲು ಲಿನಕ್ಸ್ ಹಾಕುವವರಿಗೂ ಇದೇ ಮಾತು. ಎಲ್‌ಎಸ್‌ಪಿಸಿಐ ಅಂತ ಕಮಾಂಡ್ ಕೊಟ್ಟು ಪಕ್ಕದಲ್ಲಿ ಹೈಫನ್ ಎನ್‌ಎನ್ ಹಾಕಿದರೆ ಅವೇ ನಂಬರ್‌ಗಳು ಕಾಣುತ್ತವೆ. ಡೆಬಿಯನ್ ಅನ್ನುವುದು ಲಿನಕ್ಸ್‌ನ ಒಂದು ಬಗೆ. ಮೊದಲೆಲ್ಲ ಅದನ್ನು ಹಾಕಿದಾಗ ವೈಫೈ ಫರ್ಮ್‌ವೇರನ್ನು ಬೇರೆಯೇ ಹುಡುಕಿ ತರಬೇಕಿತ್ತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅಂಥ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. ತುಂಬಾ ಹಳೇ 32 ಬಿಟ್ ಯಂತ್ರ ಇದ್ದವರು ಡೆಬಿಯನ್ 12ರಲ್ಲೇ ನಿಲ್ಲಿ, 13ರಲ್ಲಿ ನಿಮಗೆ ಇನ್‌ಸ್ಟಾಲರ್ ಇಲ್ಲ.

ಇನ್ನು ಬಯಾಸ್. ಸುಮ್ನೆ ಅಪ್‌ಡೇಟ್ ಮಾಡಬೇಡಿ. ಕಾರಣ ಇದ್ದರೆ ಮಾತ್ರ ಮಾಡಿ, ನಿಮ್ಮ ಮಾಡೆಲ್ ನಂಬರಿಗೆ ಅಕ್ಷರಕ್ಕಕ್ಷರ ಹೊಂದುವ ಫೈಲನ್ನೇ ಕಂಪನಿ ತಾಣದಿಂದ ತನ್ನಿ. ಬ್ಯಾಟರಿ ತುಂಬಿರಲಿ, ಚಾರ್ಜರ್ ಸಿಕ್ಕಿಸಿರಲಿ. ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ ಬೇಡವೇ ಬೇಡ. ಅರ್ಧಕ್ಕೆ ನಿಂತು ಸ್ಕ್ರೀನ್ ಕಪ್ಪಾದರೂ ಗಾಬರಿ ಬೇಡ. ಬೋರ್ಡಿನ ಮೇಲೆ ಎಂಟು ಕಾಲಿನ ಒಂದು ಚಿಕ್ಕ ಚಿಪ್ ಇರುತ್ತದೆ, ಗೊತ್ತಿರುವ ಮೆಕ್ಯಾನಿಕ್‌ಗಳು ಅದಕ್ಕೆ ಕ್ಲಿಪ್ ಹಾಕಿ ಮತ್ತೆ ಬರೆಯುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದರೆ ಮಾಡುವವರು ಸಿಗುತ್ತಾರೆ. ಬರೆಯುವ ಮುಂಚೆ ಹಳೇದರ ಒಂದು ಕಾಪಿ ತೆಗೆದಿಡಿ ಅಂತ ಅವರಿಗೆ ಹೇಳಲು ಮರೆಯಬೇಡಿ. ನಿಮ್ಮ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಸಾಮಾನ್ಯವಾಗಿ ಆ ಚಿಪ್ಪಿನಲ್ಲೇ ಇರುತ್ತದೆ.

ನಮಸ್ಕಾರ.