ಬೆಕ್ಕಿಗೆ ಲಂಘನ ಸಲ್ಲದು

ಕೇಳುಗರಿಗೆ ನಮಸ್ಕಾರ.

ನಮ್ಮೂರಿಗೆ ವಾರದಲ್ಲಿ ಮೂರು ದಿನ ಮೀನಿನ ಗಾಡಿ ಬರುತ್ತದೆ. ಅದರ ಹಾರನ್ ತಿರುವಿನಲ್ಲಿ ಕೇಳಿಸಿತೆಂದರೆ, ನಮ್ಮ ಬೆಕ್ಕು ಚುಕ್ಕಿ ಅಟ್ಟದ ಮೇಲಿರಲಿ, ಕೊಟ್ಟಿಗೆಯಲ್ಲಿರಲಿ, ನನಗಿಂತ ಮೊದಲು ಗೇಟಿನ ಹತ್ತಿರ ನಿಂತಿರುತ್ತದೆ. ಹೋದ ಮಳೆಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ ಹಾರನ್ ಕೇಳಿತು, ಚುಕ್ಕಿ ಬರಲಿಲ್ಲ. ಬೂತಾಯಿ ತಂದು, ತಲೆಗಳನ್ನು ತಟ್ಟೆಗೆ ಹಾಕಿ ಕರೆದೆ. ಒಲೆಯ ಪಕ್ಕದ ಗೋಣಿಚೀಲದಿಂದ ಎದ್ದು ಬಂತು. ಮೂಗು ಮೀನಿಗೆ ತಾಗುವಷ್ಟು ಹತ್ತಿರ ಬಗ್ಗಿತು, ಸುಮ್ಮನೆ ನಿಂತಿತು, ಮತ್ತೆ ಹೋಗಿ ಮಲಗಿತು. ಎತ್ತಿಕೊಂಡು ನೋಡಿದರೆ ಒಂದು ಹೊಳ್ಳೆಯ ಮೇಲೆ ಹಳದಿ ಸಿಂಬಳ ಒಣಗಿ ಅಂಟಿತ್ತು. ಉಸಿರೆಳೆದಾಗ ಗೊರಗೊರ ಸದ್ದು.

"ಅಜೀರ್ಣ ಆಗಿರಬೇಕು. ಒಂದೆರಡು ದಿನ ಹೊಟ್ಟೆ ಖಾಲಿ ಬಿಡಲಿ, ಸರಿಯಾಗ್ತದೆ" ಅಂದರು ಅಮ್ಮ. ಲಂಘನಂ ಪರಮೌಷಧಂ ಎಂದು ಕೇಳಿಕೊಂಡು ಬೆಳೆದವರಲ್ಲವೇ ನಾವು? ನಾನೂ ಹೌದೆಂದುಕೊಂಡೆ. ಆ ಎರಡು ದಿನ ಕಳೆದದ್ದಕ್ಕೆ ಇವತ್ತಿಗೂ ನನಗೆ ಬೇಸರವಿದೆ. ಅದಕ್ಕೇ ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಬೆಕ್ಕಿಗೆ ಲಂಘನ ಔಷಧಿಯಲ್ಲ, ಅಪಾಯ.

ಊಟ ನಿಂತಾಗ ಬೆಕ್ಕಿನ ಮೈಯಲ್ಲಿರುವ ಕೊಬ್ಬು ಕರಗಿ ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ, ನುಗ್ಗುತ್ತದೆ. ಅಷ್ಟನ್ನು ಸಂಭಾಳಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಕೊಬ್ಬು ಅಲ್ಲೇ ತುಂಬಿಕೊಂಡು, ಕೆಲವೇ ದಿನಗಳಲ್ಲಿ ಲಿವರ್ ಸೋತುಬಿಡಬಹುದು. ಕಿವಿಯ ಒಳಗಿನ ಚರ್ಮ, ಒಸಡು, ಕಣ್ಣಿನ ಬಿಳಿ ಭಾಗ ಹಳದಿಯಾಗುತ್ತದೆ. ಚೆನ್ನಾಗಿ ಮೈ ತುಂಬಿಕೊಂಡ ಬೆಕ್ಕಿಗೇ ಈ ಅಪಾಯ ಹೆಚ್ಚು. "ದಪ್ಪಗಿದೆ, ನಾಲ್ಕು ದಿನ ತಿನ್ನದಿದ್ದರೆ ಏನಾಗುತ್ತೆ" ಅನ್ನುವ ಲೆಕ್ಕ ಇಲ್ಲಿ ಪೂರ್ತಿ ತಿರುಗುಮುರುಗು. ದೊಡ್ಡ ಬೆಕ್ಕು 24 ಗಂಟೆ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಬೇಕು. ಮರಿಯಾದರೆ ಅಷ್ಟೂ ಕಾಯಬಾರದು.

ಮೂರನೆಯ ದಿನ ಬುಟ್ಟಿಯಲ್ಲಿ ಕೂರಿಸಿಕೊಂಡು ತಾಲ್ಲೂಕಿನ ದನದ ಆಸ್ಪತ್ರೆಗೆ ಹೋದೆ. ನನ್ನ ಮುಂದೆ ಎರಡು ಕರು, ಒಂದು ಎಮ್ಮೆ. "ಬೆಕ್ಕಿಗೂ ಇಷ್ಟು ದೂರ ಬಂದ್ರಾ?" ಅಂತ ಯಾರೋ ಕೇಳಿದರು. ಡಾಕ್ಟರು ಮಾತ್ರ ಹಾಗೆ ಕೇಳಲಿಲ್ಲ. ಚುಕ್ಕಿಯ ಬಾಯಿ ಬಿಡಿಸಿ ನಾಲಿಗೆಯ ಅಂಚಿನ ಹುಣ್ಣು ತೋರಿಸಿದರು. "ನೋಡಿ ಅಮ್ಮಾ, ಇದಕ್ಕೆ ಮೀನಿನ ವಾಸನೆ ಬರ್ತಿಲ್ಲ, ಬಂದ್ರೂ ಅಗಿಯೋಕೆ ನೋವು. ಹೊಟ್ಟೇದು ಏನೂ ತಪ್ಪಿಲ್ಲ." ಬೆಕ್ಕು ಊಟವನ್ನು ಕಣ್ಣಿನಿಂದಲ್ಲ, ಮೂಗಿನಿಂದ ಗುರುತಿಸುತ್ತದೆ. ಮೂಗು ಕಟ್ಟಿದ ಬೆಕ್ಕಿನ ಮುಂದೆ ಬೂತಾಯಿಯೂ ಒಂದೇ, ಮರದ ತುಂಡೂ ಒಂದೇ.

ಬೆಕ್ಕುಗಳ ಈ ನೆಗಡಿಗೆ ಹೆಚ್ಚಿನ ಸಲ ಕಾರಣ ಎರಡು ವೈರಸ್‌ಗಳು, ಹರ್ಪಿಸ್ ಮತ್ತು ಕ್ಯಾಲಿಸಿ. ಬಾಯಿ ಹುಣ್ಣು ಸಾಮಾನ್ಯವಾಗಿ ಕ್ಯಾಲಿಸಿಯ ಕೆಲಸ. ಇವು ಮನುಷ್ಯರಿಗೆ ಅಂಟುವುದಿಲ್ಲ, ಆದರೆ ಪಕ್ಕದ ಬೆಕ್ಕಿಗೆ ತಟ್ಟೆಯಿಂದ, ಬಟ್ಟೆಯಿಂದ, ನಮ್ಮ ಕೈಯಿಂದಲೂ ಹೋಗುತ್ತವೆ. ಮರಿಗೆ ಎಂಟು ವಾರ ತುಂಬುವ ಹೊತ್ತಿಗೆ ಶುರುಮಾಡಿ ಹಾಕಿಸುವ ಲಸಿಕೆ ಇದೆ. ಅದು ರೋಗವನ್ನು ಪೂರ್ತಿ ತಡೆಯದಿದ್ದರೂ ಇಷ್ಟು ಜೋರಾಗಲು ಬಿಡುವುದಿಲ್ಲ. ಚುಕ್ಕಿಗೆ ನಾನು ಹಾಕಿಸಿರಲಿಲ್ಲ.

ಎದೆಗೆ ಕೊಳವೆ ಇಟ್ಟು ಕೇಳಿದ ಮೇಲೆ ಡಾಕ್ಟರು ನೆಗಡಿ ಶ್ವಾಸಕೋಶಕ್ಕೆ ಇಳಿಯುತ್ತಿದೆ ಎಂದರು. ಮಾತ್ರೆ ಬರೆದರು, ಆಮೇಲೆ ಒಂದು ಕೆಲಸ ಕಲಿಸಿದರು. ನಾನು ನಿಮಗೆ ಕಲಿಸಬೇಕೆಂದಿರುವುದೂ ಅದನ್ನೇ. ಬೆಕ್ಕು ಗಾಢವಾಗಿ ನಿದ್ದೆ ಮಾಡುವಾಗ ಅದರ ಪಕ್ಕೆಯನ್ನು ನೋಡಿ. ಒಮ್ಮೆ ಏರಿ ಇಳಿದರೆ ಒಂದು ಉಸಿರು. ಗಡಿಯಾರ ಹಿಡಿದು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. 30ರ ಒಳಗಿದ್ದರೆ ನೆಮ್ಮದಿ. ಮತ್ತೆ ಮತ್ತೆ ಎಣಿಸಿದರೂ 30 ದಾಟುತ್ತಿದ್ದರೆ ಡಾಕ್ಟರಿಗೆ ಹೇಳಬೇಕು. ಗುರುಗುಟ್ಟುವಾಗ, ಕನಸಿನಲ್ಲಿ ಕಾಲು ಅದುರುವಾಗ, ಆಡಿ ಬಂದ ಕೂಡಲೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಆ ರಾತ್ರಿ ಚುಕ್ಕಿಯದು 46 ಇತ್ತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆ.

ಕೆಲವು ಲಕ್ಷಣ ಕಂಡರೆ ಎಣಿಸುತ್ತಾ ಕೂರುವ ಹಾಗೂ ಇಲ್ಲ. ನಾಯಿ ಬಾಯಿ ತೆರೆದು ಏದುಸಿರು ಬಿಡುವುದು ಸಹಜ, ಬೆಕ್ಕು ಹಾಗೆ ಮಾಡಿದರೆ ಅದು ಪ್ರಾಣಸಂಕಟವೇ. ಒಸಡು ಬಿಳಿಚಿದ್ದರೆ, ನೀಲಿಯಾಗಿದ್ದರೆ, ಮೊಣಕೈ ಅಗಲಿಸಿ ಕತ್ತು ಮುಂದೆ ಚಾಚಿ ಕೂತು ಮಲಗಲಿಕ್ಕೇ ಒಪ್ಪದಿದ್ದರೆ ರಾತ್ರಿಯಾದರೂ ಹೊರಡಿ. ಎದೆಯಲ್ಲಿ ನೀರು ತುಂಬಿರಬಹುದು, ಹೃದಯದ ಕಾಯಿಲೆ ಇರಬಹುದು. ಬಿಗಿಯಾಗಿ ಅಪ್ಪಿ ಹಿಡಿಯಬೇಡಿ, ಅಂಗಾತ ಮಲಗಿಸಬೇಡಿ, ಆಗ ಬಾಯಿಗೆ ನೀರು, ಊಟ ಹಾಕಬೇಡಿ. ಗಾಳಿಯಾಡುವ ಬುಟ್ಟಿ, ಮೇಲೊಂದು ತೆಳು ಬಟ್ಟೆ, ಮಾತು ಕಡಿಮೆ. ಹೆದರಿಕೆಯೇ ಅದರ ಉಳಿದ ಉಸಿರನ್ನು ತಿನ್ನುತ್ತದೆ.

ಆ ದಿನಗಳಲ್ಲಿ ಪಕ್ಕದ ಮನೆಯ ಅಕ್ಕ ಪ್ರೀತಿಯಿಂದಲೇ ಒಂದು ಜ್ವರದ ಮಾತ್ರೆ ತಂದುಕೊಟ್ಟಿದ್ದರು, "ಕಾಲು ಭಾಗ ಕೊಡಿ" ಅಂತ. ಪ್ಯಾರಾಸಿಟಮಾಲ್. ದಯವಿಟ್ಟು ಕೇಳಿ, ಮಕ್ಕಳಿಗೂ ಕೊಡುವ ಆ ಮಾತ್ರೆ ಬೆಕ್ಕಿಗೆ ವಿಷ. ಅದನ್ನು ಅರಗಿಸಿ ಹೊರಹಾಕುವ ವ್ಯವಸ್ಥೆ ಬೆಕ್ಕಿನ ಲಿವರ್‌ನಲ್ಲಿ ಸರಿಯಾಗಿಲ್ಲ. ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ, ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಒಂದೇ ಮಾತ್ರೆ ಕೊಲ್ಲಬಹುದು. ತಿಳಿಯದೆ ಕೊಟ್ಟಿದ್ದರೆ ಮುಚ್ಚಿಡಬೇಡಿ. ಪ್ರತಿಮದ್ದು ಇದೆ, ಬೇಗ ಹೋದರೆ ಬದುಕಿಸಬಹುದು. ನೀಲಗಿರಿ ಎಣ್ಣೆ, ಕರ್ಪೂರ ಹಾಕಿದ ನೆಗಡಿ ಮುಲಾಮು ಕೂಡ ಬೇಡ. ಮೈಗೆ ಹಚ್ಚಿದ್ದನ್ನು ಬೆಕ್ಕು ನೆಕ್ಕಿ ನುಂಗುತ್ತದೆ. ಅದು ಮಲಗುವ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆಬತ್ತಿಯನ್ನೂ ನಿಲ್ಲಿಸಿಬಿಡಿ.

ನಾವು ಮಾಡಿದ್ದು ಇಷ್ಟು. ಬಚ್ಚಲುಮನೆಯ ಹಂಡೆಯಲ್ಲಿ ಬಿಸಿನೀರು ಕಾಯಿಸಿ, ಬರಿಯ ನೀರು, ಬಾಗಿಲು ಹಾಕಿ, ಚುಕ್ಕಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹತ್ತು ನಿಮಿಷ ಆ ಹಬೆಯಲ್ಲಿ ಕೂರುತ್ತಿದ್ದೆ. ಆಮೇಲೆ ಒದ್ದೆ ಹತ್ತಿಯಿಂದ ಮೂಗಿನ ಹಕ್ಕಳೆ ಮೆತ್ತಗೆ ತೆಗೆದು, ಒಡನೆಯೇ ಊಟ. ಮೂಗು ಬಿಟ್ಟುಕೊಂಡಿರುವ ಆ ಸ್ವಲ್ಪ ಹೊತ್ತೇ ಊಟದ ಹೊತ್ತು. ಕೋಳಿ ಬೇಯಿಸಿ ನುಣ್ಣಗೆ ಅರೆದು, ಬೆಚ್ಚಗೆ, ನಮ್ಮ ಮಣಿಕಟ್ಟಿಗೆ ಹದವೆನಿಸುವಷ್ಟು ಬಿಸಿ ಮಾಡಿ ಕೊಟ್ಟೆ. ಬಿಸಿಯಾದರೆ ವಾಸನೆ ಏಳುತ್ತದೆ. ಉಪ್ಪು ಹಾಕಲಿಲ್ಲ. ಈರುಳ್ಳಿ, ಬೆಳ್ಳುಳ್ಳಿಯಂತೂ ಬೆಕ್ಕಿನ ರಕ್ತಕ್ಕೆ ಹಾನಿ. ಅಮ್ಮ ಹಾಲಿಗೆ ಬೆಲ್ಲ ಹಾಕಿ ನೋಡಿದರು, ಪಾಪ. ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ. ಮೊದಲ ದಿನ ತಾನಾಗಿ ತಿನ್ನಲಿಲ್ಲ. ನನ್ನ ಬೆರಳ ತುದಿಗೆ ಸವರಿ ಮೇಲ್ದುಟಿಗೆ ಹಚ್ಚಿದೆ, ನೆಕ್ಕಿತು. ಮತ್ತೆ ಹಚ್ಚಿದೆ, ಮತ್ತೆ ನೆಕ್ಕಿತು. ಹೀಗೆ ಒಂದು ಚಮಚ ಇಳಿಯಲು ಅರ್ಧ ಗಂಟೆ. ಸೂಜಿಯಿಲ್ಲದ ಸಿರಿಂಜಿನಿಂದಲೂ ಕೊಡಬಹುದು, ಆದರೆ ಡಾಕ್ಟರು ಹೇಳಿದ ಮೇಲೆ, ಬಾಯಿಯ ಪಕ್ಕದಿಂದ, ತಲೆ ಮೇಲೆತ್ತದೆ, ತೊಟ್ಟುತೊಟ್ಟಾಗಿ. ಒತ್ತಿ ತುರುಕಿದರೆ ಶ್ವಾಸನಾಳಕ್ಕೆ ಹೋಗುತ್ತದೆ, ಆ ಊಟದ ಮೇಲೆ ಬೆಕ್ಕಿಗೆ ಹೇಸಿಗೆಯೂ ಹುಟ್ಟಬಹುದು.

ಮಾತ್ರೆಯದೂ ಒಂದು ಎಚ್ಚರ. ಚುಕ್ಕಿಗೆ ಕೊಟ್ಟದ್ದು ಡಾಕ್ಸಿಸೈಕ್ಲಿನ್. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಸುಟ್ಟು ಗಾಯ ಮಾಡುತ್ತದೆ. ಹಾಗಾಗಿ ಮಾತ್ರೆಯ ಹಿಂದೆಯೇ ಒಂದಿಷ್ಟು ನೀರು ಅಥವಾ ಊಟ ಹೋಗಲೇಬೇಕು.

ಇನ್ನೊಂದು ವಿಷಯ, ಪೇಟೆಯ ಕೇಳುಗರಿಗಾಗಿ. ಹಳ್ಳಿಯ ಬೆಕ್ಕು ಹಾಲನ್ನ, ಮೊಸರನ್ನ ತಿಂದರೂ ಇಲಿ, ಓತಿ ಹಿಡಿದು ತನ್ನ ಕೊರತೆ ತುಂಬಿಕೊಳ್ಳುತ್ತದೆ. ಅಪಾರ್ಟ್‌ಮೆಂಟಿನ ಬೆಕ್ಕಿಗೆ ಆ ದಾರಿ ಇಲ್ಲ. ಮಾಂಸದಲ್ಲಿ ಮಾತ್ರ ಚೆನ್ನಾಗಿ ಸಿಗುವ ಟಾರಿನ್ ಎಂಬ ಅಂಶ ಕಡಿಮೆಯಾದರೆ ಬೆಕ್ಕಿನ ಹೃದಯದ ಸ್ನಾಯು ಸಡಿಲಾಗುತ್ತದೆ ಎಂಬುದು 1987ರಲ್ಲಿ ಅಮೆರಿಕದ ಸಂಶೋಧಕರಿಂದ ತಿಳಿದುಬಂತು. ಹೃದಯ ಸೋತರೆ ಎದೆಯಲ್ಲಿ ನೀರು, ಆಮೇಲೆ ಉಬ್ಬಸ. ನೀವು ಸಸ್ಯಾಹಾರಿಗಳಾಗಿದ್ದರೆ ಟಾರಿನ್ ಸೇರಿಸಿದ ಸಿದ್ಧ ಬೆಕ್ಕಿನ ಆಹಾರವನ್ನಾದರೂ ತನ್ನಿ. ಬೆಕ್ಕು ನಮ್ಮ ವ್ರತ ಹಿಡಿಯಲಾರದು.

ಆಸ್ಪತ್ರೆಗೆ ಹೊರಡುವ ಮುನ್ನ ಫೋನ್ ಮಾಡಿ. ನಿಮಿಷಕ್ಕೆ ಎಷ್ಟು ಉಸಿರು, ಕೊನೆಯ ಸಲ ಯಾವಾಗ ತಿಂದಿತು, ಒಸಡಿನ ಬಣ್ಣ ಏನು, ಮನೆಯಲ್ಲಿ ಏನು ಮದ್ದು ಕೊಟ್ಟಿರಿ, ಈ ನಾಲ್ಕನ್ನು ಹೇಳಿ. ಅಡಿಕೆ ತೂಗುವ ತಕ್ಕಡಿ ಇದ್ದರೆ ತೂಕವನ್ನೂ ಹೇಳಿ. ಚುಕ್ಕಿ ಕಾಯಿಲೆ ಬಿದ್ದ ಹನ್ನೆರಡು ದಿನದಲ್ಲಿ ಅರ್ಧ ಕಿಲೋ ಇಳಿದಿತ್ತು. ಮೂರೂವರೆ ಕಿಲೋದ ಜೀವಕ್ಕೆ ಅದು ಸಣ್ಣದಲ್ಲ.

ಇವತ್ತು ಬೆಳಿಗ್ಗೆ ಗೋಣಿಚೀಲದ ಮೇಲೆ ಮಲಗಿತ್ತು. ಎಣಿಸಿದೆ. 22.

ನಮಸ್ಕಾರ.